ಬೆಳಗಿನ ಅಳತೆ, ಮಧ್ಯಾಹ್ನದ ಅಳತೆ

‘ನಿಮ್ಮ ಹುಡುಗ ಬೆಂಗಳೂರಲ್ಲಿ ಏನು ಮಾಡ್ತಾನೆ?’ ಎಂದು ಶಿರಾ ಕಡೆಯ ಆ ಹಳ್ಳಿಯಲ್ಲಿ ಯಾರಾದರೂ ಕೇಳಿದರೆ ತಂದೆ ತುಸು ಹೊತ್ತು ಸುಮ್ಮನಿದ್ದು, ‘ಪ್ಲಾಸ್ಟಿಕ್ ಕಂಪನೀಲಿ ಇದಾನೆ’ ಎನ್ನುತ್ತಿದ್ದರು. ಕೇಳಿದವರ ಕಣ್ಣ ಮುಂದೆ ಬಕೆಟ್ಟು, ಬಿಂದಿಗೆ, ಜಾತ್ರೆಯ ಪೀಪಿಗಳು ಸುಳಿದು ಹೋಗುತ್ತಿದ್ದವು. ತಂದೆಯ ಕಣ್ಣ ಮುಂದೆಯೂ ಅವೇ. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಪಿಯುಸಿಗೆ ಕಳಿಸುವ ಅನುಕೂಲವಿಲ್ಲದೆ ಐ.ಟಿ.ಐ.ಗೆ ಸೇರಿಸಿದ್ದಾಯಿತು. ಎರಡು ವರ್ಷ ಟರ್ನರ್ ವಿಭಾಗದಲ್ಲಿ ಕಬ್ಬಿಣ ಕೊರೆಯುವುದನ್ನು ಕಲಿತವನು, ಕೊನೆಗೆ ಪ್ಲಾಸ್ಟಿಕ್ ಕೆಲಸಕ್ಕೆ ಹೋದನಲ್ಲ ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಹುಡುಗ ಸೇರಿದ್ದು ಪೀಣ್ಯದ ಒಂದು ಚಿಕ್ಕ ಶೆಡ್ಡಿಗೆ. ಶೀಟಿನ ಮಾಡು, ಎರಡು ಸಿ.ಎನ್.ಸಿ. ಲೇತು, ಒಂದು ಮಿಲ್ಲಿಂಗ್ ಯಂತ್ರ, ಒಂದು ಹಳೆಯ ಲೇತು, ಮೂಲೆಯಲ್ಲಿ ಒಂದು ಓವನ್ನು, ಇನ್ನೊಂದು ಮೂಲೆಯಲ್ಲಿ ಮೊಸರನ್ನದ ಡಬ್ಬಿಗಳನ್ನಿಡುವ ಪುಟ್ಟ ಫ್ರಿಜ್ಜು. ಮಾಲೀಕರು ಡಿಪ್ಲೊಮಾ ಓದಿದವರು. ಜೊತೆಗೆ ದೊಡ್ಡ ಕಾರ್ಖಾನೆಯೊಂದರಿಂದ ನಿವೃತ್ತರಾಗಿ ಬಂದಿದ್ದ ಹಿರಿಯ ಟರ್ನರ್ ಒಬ್ಬರು. ಅಲ್ಲಿ ಬಿಂದಿಗೆಯೂ ಇಲ್ಲ, ಬಕೆಟ್ಟೂ ಇಲ್ಲ. ಗೋಡೆಯುದ್ದಕ್ಕೂ ನಿಲ್ಲಿಸಿದ್ದ ರಾಡುಗಳು ಮಾತ್ರ: ಹಾಲಿನಂತೆ ಬಿಳಿಯ ಟೆಫ್ಲಾನ್, ದಂತದ ಬಣ್ಣದ ನೈಲಾನ್, ಗಟ್ಟಿಯಾಗಿ ಹೊಳೆಯುವ ಅಸಿಟಾಲ್, ಮಣ್ಣಿನ ಬಣ್ಣದ ಪೀಕ್. ಕೊನೆಯದರ ಬೆಲೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಮೊದಲ ದಿನವೇ ಮಾಲೀಕರು ಅದರ ಒಂದು ತುಂಡನ್ನು ಹುಡುಗನ ಅಂಗೈಯಲ್ಲಿಟ್ಟು, ‘ಇದು ಕೈಜಾರಿದ್ರೆ ನಿನ್ನ ಸಂಬಳಾನೂ ಜಾರ್ತು ಅಂತ ತಿಳ್ಕೊ’ ಎಂದು ನಕ್ಕಿದ್ದರು.

ಪ್ಲಾಸ್ಟಿಕ್ ಎಂದರೆ ಕರಗಿಸಿ ಅಚ್ಚಿಗೆ ಹೊಯ್ಯುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಲಕ್ಷ ಬಕೆಟ್ಟು ಮಾಡಬೇಕಾದರೆ ಅದೇ ಸರಿ. ಆದರೆ ಒಂದು ಪಂಪಿಗೆ ಬೇಕಾದ ನಲವತ್ತು ಉಂಗುರಗಳಿಗಾಗಿ ಲಕ್ಷಾಂತರ ರೂಪಾಯಿಯ ಅಚ್ಚು ಮಾಡಿಸುವವರು ಯಾರು? ಮೇಲಾಗಿ ಟೆಫ್ಲಾನಿನ ಸ್ವಭಾವವೇ ಬೇರೆ. ಅದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಎಂದು ಪುಸ್ತಕ ಹೇಳುತ್ತದೆ, ಆದರೆ ಕರಗಿದ ಮೇಲೂ ಹರಿಯುವುದಿಲ್ಲ. ಆದ್ದರಿಂದ ಅದರ ಪುಡಿಯನ್ನು ಒತ್ತಿ, ಇಟ್ಟಿಗೆ ಸುಟ್ಟಂತೆ ಬೇಯಿಸಿ, ದಿಂಡು ಮಾಡಿ, ಆಮೇಲೆ ಲೇತಿನ ಮೇಲೆ ಕೊರೆದೇ ಆಕಾರ ಕೊಡಬೇಕು. ಹೀಗೆ ಕೊರೆದು ತೆಗೆದ ಭಾಗಗಳು ಔಷಧ ಕಾರ್ಖಾನೆಯ ಕವಾಟಗಳಿಗೆ, ವಿಮಾನಗಳಿಗೆ, ಆಸ್ಪತ್ರೆಯ ಉಪಕರಣಗಳಿಗೆ ಹೋಗುತ್ತವೆ. ಪೀಕ್ ಅಂತೂ 1990ರ ದಶಕದ ಕೊನೆಯಿಂದ ಮನುಷ್ಯನ ಬೆನ್ನುಮೂಳೆಗಳ ನಡುವೆಯೇ ಕೂರಲು ಶುರುವಾಗಿದೆ. ಅದರ ಗಡಸುತನ ಟೈಟಾನಿಯಮ್ಮಿಗಿಂತ ಮೂಳೆಗೆ ಹತ್ತಿರ, ಎಕ್ಸ್‌ರೇ ಚಿತ್ರಕ್ಕೂ ಅಡ್ಡ ಬರುವುದಿಲ್ಲ.

ಕಬ್ಬಿಣ ಕಲಿತ ಕೈಗೆ ಪ್ಲಾಸ್ಟಿಕ್ ಸುಲಭವಿರಬೇಕು ಎಂದುಕೊಂಡ ಹುಡುಗನಿಗೆ ಮೊದಲ ತಿಂಗಳಲ್ಲೇ ಭ್ರಮೆ ಕಳಚಿತು. ಮೆತ್ತಗಿರುವುದೇ ಅದರ ಕಷ್ಟ. ಲೇತಿನ ಮೂರು ಹಲ್ಲಿನ ಚಕ್ಕಿನಲ್ಲಿ ತೆಳುವಾದ ಉಂಗುರವನ್ನು ಬಿಗಿಯಾಗಿ ಹಿಡಿದರೆ ಅದು ಸದ್ದಿಲ್ಲದೆ ಮೂರು ಕಡೆ ಅಮುಕಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಒಳಗಡೆ ದುಂಡಗೆ ಕೊರೆದರೆ ಯಂತ್ರದ ಮೇಲಿರುವಷ್ಟು ಹೊತ್ತು ಅದು ದುಂಡಗೇ ಕಾಣುತ್ತದೆ. ಚಕ್ಕು ಸಡಿಲಿಸಿದ ಕೂಡಲೇ ಅಮುಕಿದ ಕಡೆ ಹಿಗ್ಗಿ, ಮೂರು ಮೂಲೆಯ ಉಂಗುರ ಕೈಗೆ ಬರುತ್ತದೆ. ಹಿರಿಯ ಟರ್ನರ್ ಅಲ್ಯೂಮಿನಿಯಮ್ಮಿನಲ್ಲಿ ಉಂಗುರಕ್ಕೆ ತಕ್ಕ ಹಿಡಿಕೆಗಳನ್ನು ಕೊರೆದು, ಕಾಯಿಯ ಸುತ್ತಲೂ ಸಮನಾಗಿ ಹಿಡಿಯುವುದನ್ನು ತೋರಿಸಿಕೊಟ್ಟರು. ‘ಕೋಳಿಮರಿ ಹಿಡ್ದಂಗೆ ಹಿಡೀಬೇಕು ಕಣೋ. ಬಿಟ್ರೆ ಓಡ್ತದೆ, ಒತ್ತಿದ್ರೆ ಸಾಯ್ತದೆ.’

ಇನ್ನು ಶಾಖದ ಮಾತು. ಶಾಲೆಯ ಪಾಠದಲ್ಲಿ ಉಷ್ಣವಾಹಕ, ಉಷ್ಣ ನಿರೋಧಕ ಎಂದು ಎರಡು ಪಟ್ಟಿ ಬರೆಸುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಆ ಎರಡನೇ ಪಟ್ಟಿಯ ಅರ್ಥ ಲೇತಿನ ಮುಂದೆ ಗೊತ್ತಾಗುತ್ತದೆ. ಇಂಥ ಪ್ಲಾಸ್ಟಿಕ್ಕುಗಳು ಶಾಖವನ್ನು ಸಾಗಿಸುವ ಶಕ್ತಿ ಸಾಧಾರಣ ಉಕ್ಕಿನ ಸುಮಾರು ಇನ್ನೂರರಲ್ಲಿ ಒಂದು ಪಾಲು. ಕತ್ತರಿಸುವಾಗ ಹುಟ್ಟಿದ ಬಿಸಿ ಕಾಯಿಯೊಳಗೆ ಹರಡಿಹೋಗದೆ ಟೂಲಿನ ಮೊನೆಯಲ್ಲೂ ಮೇಲ್ಪದರದಲ್ಲೂ ನಿಂತುಬಿಡುತ್ತದೆ. ಮೊನೆ ಸ್ವಲ್ಪ ಮೊಂಡಾದರೂ ಸಾಕು, ಅದು ಕತ್ತರಿಸುವುದನ್ನು ಬಿಟ್ಟು ಉಜ್ಜಲು ಶುರು ಮಾಡುತ್ತದೆ, ಅಸಿಟಾಲ್ ಹೊಳಪು ಕಳೆದುಕೊಂಡು ಅಂಟಂಟಾಗುತ್ತದೆ. ಆದ್ದರಿಂದ ಕ್ಷೌರದ ಕತ್ತಿಯಂಥ ಚೂಪು, ನಿಲ್ಲದೆ ಬೀಸುವ ಗಾಳಿ. ಪೀಕ್‌ಗೆ ತೂತು ಕೊರೆಯುವಾಗ ಬೈರಿಗೆಯನ್ನು ಒಂದೇ ಉಸಿರಿಗೆ ಇಳಿಸುವಂತಿಲ್ಲ. ಇಳಿಸಿ, ಮೇಲೆತ್ತಿ, ಚಕ್ಕೆ ಹೊರಹಾಕಿ, ಮತ್ತೆ ಇಳಿಸಬೇಕು. ಅವಸರಪಟ್ಟರೆ ದಪ್ಪ ರಾಡು ‘ಟಕ್’ ಎಂದು ಸೀಳುವುದುಂಟು. ಚಕ್ಕೆಗಳಾದರೂ ಕಬ್ಬಿಣದ್ದರಂತೆ ಉದುರುವುದಿಲ್ಲ. ಶಾವಿಗೆಯ ಎಳೆಯಂತೆ ಗಜಗಟ್ಟಲೆ ಬಂದು ಚಕ್ಕಿಗೆ ಸುತ್ತಿಕೊಳ್ಳುತ್ತವೆ. ಯಂತ್ರ ತಿರುಗುತ್ತಿರುವಾಗ ಅದಕ್ಕೆ ಕೈ ಹಾಕಿದವನ ಬೆರಳು ಅವನದಲ್ಲ.

ಬೀಡಿ, ಸಿಗರೇಟಿಗೆ ಆ ಶೆಡ್ಡಿನೊಳಗೆ ಪ್ರವೇಶವೇ ಇಲ್ಲ. ಟೆಫ್ಲಾನಿನ ಪುಡಿ ಬೆರಳಿಗೆ ಮೆತ್ತಿಕೊಂಡು ಸಿಗರೇಟಿಗೆ ತಗುಲಿ, ಆ ಕೆಂಡದಲ್ಲಿ ಒಡೆದ ಹೊಗೆಯನ್ನು ಎಳೆದುಕೊಂಡರೆ ಚಳಿಜ್ವರ ಬರುತ್ತದೆ. ಇದು ಕಟ್ಟುಕತೆಯಲ್ಲ, ವೈದ್ಯರು ಗುರುತಿಸಿ ಹೆಸರಿಟ್ಟಿರುವ ಕಾಯಿಲೆ. ಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸುವ ತಂದೆತಾಯಿಗಳು ಸಂಬಳ ಎಷ್ಟು ಎಂದು ಕೇಳುವ ಮೊದಲು ಇಂಥದನ್ನು ಕೇಳಬೇಕು.

ಡಿಸೆಂಬರ್ ತಿಂಗಳು. ನಲವತ್ತು ಟೆಫ್ಲಾನ್ ಉಂಗುರಗಳ ಆರ್ಡರು ಬಂದಿತ್ತು. ಹೊರ ವ್ಯಾಸ 100 ಮಿಲಿಮೀಟರು, ಅತ್ತಿತ್ತ 0.1ರಷ್ಟು ರಿಯಾಯಿತಿ. ಒಳ ರಂಧ್ರ 80 ಮಿಲಿಮೀಟರು, ಹೆಚ್ಚೆಂದರೆ 80.1. ಹುಡುಗನಿಗೆ ಒಂಟಿಯಾಗಿ ಕೊಟ್ಟ ಮೊದಲ ಕೆಲಸ, ಅದೂ ರಾತ್ರಿ ಪಾಳಿಯಲ್ಲಿ. ಅವನು ಅದನ್ನು ಪರೀಕ್ಷೆಗೆ ಕೂತಂತೆ ಮಾಡಿದ. ಕೊರೆದ ಕೂಡಲೇ ಅಳೆಯಬಾರದು, ಬಿಸಿ ಆರಿದ ಮೇಲೆ ಅಳೆಯಬೇಕು ಎಂಬ ಪಾಠ ನೆನಪಿತ್ತು. ಮೊದಲ ಉಂಗುರವನ್ನು ಇಳಿಸಿ, ಶಟರಿನ ಬಳಿ ತಣ್ಣನೆ ಗಾಳಿ ಬರುವ ಕಡೆ ಒಂದು ಗಂಟೆ ಇಟ್ಟು, ಆಮೇಲೆ ಮೈಕ್ರೋಮೀಟರು ಹಿಡಿದ. ಅಳತೆ ತುಸು ಕಮ್ಮಿ ಬಂತು. ಯಂತ್ರದಲ್ಲಿ ತಿದ್ದಿದ. ಇನ್ನೊಂದು ಕೊರೆದ, ಆರಿಸಿದ, ಅಳೆದ. ಸರಿಹೋಯಿತು. ಉಳಿದವು ಬೆಳಗಿನ ಐದೂವರೆಗೆ ಮುಗಿದವು. ಎಲ್ಲವನ್ನೂ ಶಟರಿನ ಬಳಿಯೇ ಸಾಲಾಗಿ ಜೋಡಿಸಿ, ಆರಲು ಬಿಟ್ಟು, ಏಳು ಗಂಟೆಗೆ ಒಂದೊಂದಾಗಿ ಅಳೆದು ಶೀಟಿನಲ್ಲಿ ಬರೆದ. 99.98, 100.01, 99.99. ರಂಧ್ರ 80.05, 80.04. ಕೆಳಗೆ ಸಹಿ ಹಾಕಿ ದಾಸರಹಳ್ಳಿಯ ರೂಮಿಗೆ ಹೋಗಿ ಮಲಗಿದ.

ಮಧ್ಯಾಹ್ನ ಮೂರಕ್ಕೆ ಫೋನು. ‘ಎದ್ದು ಬಾ’ ಎಂದಷ್ಟೇ ಹೇಳಿ ಮಾಲೀಕರು ಇಟ್ಟರು.

ಪ್ಯಾಕಿಂಗ್ ಮಾಡುವ ಮುಂಚೆ ಅವರು ಸುಮ್ಮನೆ ಒಂದನ್ನು ಅಳೆದು ನೋಡಿದ್ದರು. 100.40. ಇನ್ನೊಂದು, 100.38. ರಂಧ್ರ 80.37. ನಲವತ್ತೂ ಹಾಗೆಯೇ. ಕಬ್ಬಿಣದ ಲೆಕ್ಕದಲ್ಲಿ ಇದು ತಪ್ಪಲ್ಲ, ಅನಾಹುತ. ಹೊರಗಡೆ ಹೆಚ್ಚಾಗಿದ್ದರೆ ಇನ್ನೊಂದಿಷ್ಟು ಕೊರೆಯಬಹುದು. ರಂಧ್ರ ದೊಡ್ಡದಾದರೆ ತುಂಬಿಸುವ ಉಪಾಯವಿಲ್ಲ. ಶೀಟು ನೋಡಿದರೆ ಎಲ್ಲವೂ ಅಚ್ಚುಕಟ್ಟು. ನಲವತ್ತು ಉಂಗುರಗಳೂ ಒಟ್ಟಿಗೆ ತಪ್ಪಿ, ನಲವತ್ತು ಅಂಕಿಗಳೂ ಒಟ್ಟಿಗೆ ಸರಿಯಿದ್ದರೆ ಯಾರಿಗಾದರೂ ಏನನ್ನಿಸುತ್ತದೆ?

‘ಅಳ್ದೇ ಇಲ್ಲ ನೀನು. ಕೂತ್ಕೊಂಡು ಬರ್ದಿದೀಯ’ ಎಂದರು ಮಾಲೀಕರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ‘ಅಳತೆ ತಪ್ಪಿದ್ರೆ ಕಲಿಸ್ಬೋದು. ಇದನ್ನ ಕಲಿಸೋಕಾಗಲ್ಲ.’

ಹುಡುಗ ತಾನೇ ಮೈಕ್ರೋಮೀಟರು ಹಿಡಿದು ಅಳೆದ. 100.40. ಬೆಳಗ್ಗೆ ಇದೇ ಕೈ, ಇದೇ ಮೈಕ್ರೋಮೀಟರು, ಇದೇ ಉಂಗುರ. ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಹಿರಿಯ ಟರ್ನರ್ ಮೈಕ್ರೋಮೀಟರನ್ನು ಉಕ್ಕಿನ ಅಳತೆಗಟ್ಟಿಯ ಮೇಲೆ ಪರೀಕ್ಷಿಸಿದರು. ಅದು ಸರಿಯಾಗಿತ್ತು. ಉಂಗುರ ಒಂದು ರಾತ್ರಿಯಲ್ಲಿ ಬೆಳೆಯುವುದುಂಟೆ? ಮೂವತ್ತೈದು ವರ್ಷದ ಅನುಭವದಲ್ಲಿ ಅವರು ಕಂಡಿರಲಿಲ್ಲ. ಅವರದೆಲ್ಲ ಉಕ್ಕು, ಹಿತ್ತಾಳೆಯ ಅನುಭವ.

ಗ್ರಹಚಾರವೋ ಏನೋ, ಅಂದೇ ತಂದೆ ಊರಿನಿಂದ ಬರುವವರಿದ್ದರು. ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದೆಂದು ಯಾರೋ ಹೇಳಿದ್ದರು. ಮಗನನ್ನು ಬಿಡಿಸಿಕೊಂಡು ಹೋಗುವ ಮಾತಾಡಲು ಬಂದವರು, ತುಮಕೂರು ರಸ್ತೆಯಲ್ಲಿ ಬಸ್ಸಿಳಿದು, ಕೇಳಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಾಗ ನಾಲ್ಕೂವರೆ. ಒಳಗೆ ಮೂವರೂ ಮಾತಿಲ್ಲದೆ ನಿಂತಿದ್ದರು. ಸಂಗತಿ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಮಗ ಸುಳ್ಳು ಬರೆದಿದ್ದಾನೆ ಎಂಬುದೊಂದು ಅರ್ಥವಾಯಿತು. ಬಿಳಿಯ ಉಂಗುರವೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಪ್ಲಾಸ್ಟಿಕ್ ಬಳೆ.

‘ಯಾವ ಹೊತ್ತಲ್ಲಿ ಅಳ್ದೆಯೋ?’ ಎಂದು ಮಗನನ್ನು ಕೇಳಿದರು.

‘ಬೆಳಗ್ಗೆ ಏಳಕ್ಕೆ, ಅಪ್ಪ. ಬರ್ದಿಟ್ಟಿದೀನಿ.’ ಹುಡುಗ ಜೇಬಿನಿಂದ ಒಂದು ಚಿಕ್ಕ ನೋಟ್ ಪುಸ್ತಕ ತೆಗೆದ. ಶೀಟಿಗೆ ಅಂಕಿ ಏರಿಸುವ ಮುಂಚೆ ಅದರಲ್ಲಿ ಬರೆದುಕೊಳ್ಳುವುದು ಅವನ ಅಭ್ಯಾಸ. ಪ್ರತಿ ಅಂಕಿಯ ಮುಂದೆ ಗಂಟೆಯಿತ್ತು. ರಾತ್ರಿ ಎರಡೂಕಾಲಿನ ಮೊದಲ ಉಂಗುರದ ಮುಂದೆ ‘ಬಾಗಿಲ ಹತ್ರ ಇಟ್ಟಿದ್ದೆ, ತುಂಬಾ ಚಳಿ’ ಎಂದೂ ಬರೆದಿದ್ದ.

‘ಸ್ವಾಮಿ, ನಂದು ತಪ್ಪು ತಿಳೀಬ್ಯಾಡಿ’ ಎಂದರು ತಂದೆ. ‘ನಾವು ಹುಣಸೆಹಣ್ಣು ಮಂಡಿಗೆ ತಗಂಡೋಗೋರು. ಇಬ್ಬನಿ ಹೊತ್ನಲ್ಲಿ ತೂಗಿದ್ರೆ ಒಂದು ತೂಕ, ಬಿಸ್ಲೇರಿದ ಮ್ಯಾಲೆ ಒಂದು ತೂಕ. ದಲ್ಲಾಳಿ ಯಾವತ್ತೂ ಮಧ್ಯಾಹ್ನನೇ ತೂಗ್ತಾನೆ. ಇದೂ ಹಂಗೇನಾದ್ರೂ...’

ಮಾಲೀಕರು ನಗಲಿಲ್ಲ. ಟೆಫ್ಲಾನ್ ನೀರು ಕುಡಿಯುವುದಿಲ್ಲ, ಕುಡಿಯುವುದು ನೈಲಾನ್. ನೀರಿನಲ್ಲಿ ಬಹುಕಾಲ ಮುಳುಗಿಸಿಟ್ಟರೆ ನೈಲಾನ್-6 ತನ್ನ ತೂಕದ ಶೇಕಡಾ ಒಂಬತ್ತರಷ್ಟು ನೀರು ಹೀರಿ ಊದಿಕೊಳ್ಳುತ್ತದೆ. ತಂದೆಯ ಕಾರಣ ಇಲ್ಲಿಗೆ ಹೊಂದುತ್ತಿರಲಿಲ್ಲ, ಪ್ರಶ್ನೆ ಮಾತ್ರ ಹೊಂದುತ್ತಿತ್ತು. ಅವರು ನಾಲ್ಕು ಉಂಗುರಗಳನ್ನು ತೆಗೆದು, ಮೊಸರನ್ನದ ಡಬ್ಬಿಗಳನ್ನು ಆಚೆಗಿಟ್ಟು, ಫ್ರಿಜ್ಜಿನೊಳಗೆ ಜೋಡಿಸಿದರು. ಎಲ್ಲರೂ ಚಹಾ ಕುಡಿದರು. ತಂದೆಗೆ ಕೂರಲು ಸ್ಟೂಲು ಕೊಟ್ಟರು, ಅವರು ಕೂರಲಿಲ್ಲ. ಆರೂವರೆಗೆ ಒಂದು ಉಂಗುರವನ್ನು ಬಟ್ಟೆಯಲ್ಲಿ ಹಿಡಿದು ತೆಗೆದು ಹುಡುಗನ ಕೈಗೆ ಕೊಡದೆ ಮಾಲೀಕರು ತಾವೇ ಅಳೆದರು. 99.85. ಎರಡನೆಯದು 99.86. ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಮೇಜಿನ ಡ್ರಾಯರಿನಿಂದ ಟೆಫ್ಲಾನ್ ಕೊಟ್ಟವರ ಮಾಹಿತಿ ಪತ್ರವನ್ನು ಹುಡುಕಿ ತೆಗೆದರು. ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, 19 ಡಿಗ್ರಿಯ ಮಾತು ಇತ್ತು. ಆ ಕಾಗದ ಎಷ್ಟೋ ಕಾಲದಿಂದ ಆ ಡ್ರಾಯರಿನಲ್ಲೇ ಇತ್ತು.

ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ನೀರಾಗುವುದು ಎಲ್ಲರಿಗೂ ಗೊತ್ತು. ಘನರೂಪದಲ್ಲೇ ಉಳಿದು ಒಳಗಿನ ಜೋಡಣೆಯನ್ನು ಮಾತ್ರ ಬದಲಿಸುವ ವಸ್ತುಗಳೂ ಇವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಟೆಫ್ಲಾನ್, ಅಂದರೆ ಪಿ.ಟಿ.ಎಫ್.ಇ., ಇಂಗಾಲದ ಉದ್ದನೆಯ ಸರಪಳಿ, ಅದರ ಮೈತುಂಬ ಫ್ಲೋರಿನ್ ಪರಮಾಣುಗಳು. ಫ್ಲೋರಿನ್ ತುಸು ದಪ್ಪ, ಒಂದಕ್ಕೊಂದು ತಾಗದಿರಲು ಸರಪಳಿ ಹಗ್ಗದಂತೆ ತಿರುಚಿಕೊಂಡಿರುತ್ತದೆ. 19 ಡಿಗ್ರಿಗಿಂತ ಕೆಳಗೆ ಹದಿಮೂರು ಕೊಂಡಿಗಳಿಗೆ ಆರು ಸುತ್ತು, ಅದರಿಂದ ಮೇಲೆ ಹದಿನೈದು ಕೊಂಡಿಗಳಿಗೆ ಏಳು ಸುತ್ತು. ತಿರುಚು ಸ್ವಲ್ಪ ಸಡಿಲವಾಗುತ್ತದೆ, ಸರಪಳಿಗಳು ತುಸು ದೂರ ಸರಿಯುತ್ತವೆ, ಒಟ್ಟು ಗಾತ್ರ ಸುಮಾರು ಶೇಕಡಾ ಒಂದರಷ್ಟು ಹಿಗ್ಗುತ್ತದೆ. ಗಾತ್ರದಲ್ಲಿ ನೂರಕ್ಕೆ ಒಂದು ಎಂದರೆ ಉದ್ದದಲ್ಲಿ ಅದರ ಮೂರನೇ ಒಂದು ಪಾಲು. ನೂರು ಮಿಲಿಮೀಟರಿನ ಉಂಗುರಕ್ಕೆ ಇದೇ 0.3 ಮಿಲಿಮೀಟರು ಆಯಿತು. ಹದಿನೇಳು ಡಿಗ್ರಿಯಿಂದ ಇಪ್ಪತ್ತೇಳಕ್ಕೆ ಏರುವಾಗ ಆಗುವ ಮಾಮೂಲಿ ಹಿಗ್ಗುವಿಕೆ 0.1ರಷ್ಟು. ಎರಡೂ ಸೇರಿದರೆ ಬೆಳಗಿನ ಅಂಕಿಗೂ ಮಧ್ಯಾಹ್ನದ ಅಂಕಿಗೂ ಇದ್ದ ಅಂತರ ಸಿಕ್ಕಿತು. ಉಕ್ಕಿನ ಉಂಗುರವಾಗಿದ್ದರೆ ಅದೇ ಹತ್ತು ಡಿಗ್ರಿಗೆ ಬದಲಾಗುತ್ತಿದ್ದದ್ದು 0.012 ಮಿಲಿಮೀಟರು ಮಾತ್ರ.

ರಂಧ್ರವೂ ಏಕೆ ದೊಡ್ಡದಾಯಿತು ಎಂದು ವಿದ್ಯಾರ್ಥಿಗಳು ಕೇಳಬಹುದು. ಬಿಸಿಯಾದರೆ ಉಂಗುರ ದಪ್ಪವಾಗಿ ಒಳಗಿನ ತೂತು ಕಿರಿದಾಗಬೇಡವೆ? ಪರೀಕ್ಷೆಯಲ್ಲಿ ಜಾಣ ಮಕ್ಕಳೂ ಎಡವುವ ಜಾಗವಿದು. ಭಾವಚಿತ್ರವನ್ನು ದೊಡ್ಡದು ಮಾಡಿಸಿದರೆ ಮುಖದ ಜೊತೆ ಮೂಗಿನ ಹೊಳ್ಳೆಯೂ ದೊಡ್ಡದಾಗುತ್ತದೆ, ಕಿರಿದಾಗುವುದಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವ ಕಮ್ಮಾರ ಅದನ್ನು ಕಾಯಿಸಿ ದೊಡ್ಡದು ಮಾಡಿಯೇ ಕೂರಿಸುತ್ತಾನೆ.

ಇನ್ನೂ ಒಂದು ವಿಚಿತ್ರವಿದೆ. ಯಂತ್ರಭಾಗಗಳ ಅಳತೆಗೆಂದು ಜಗತ್ತೆಲ್ಲ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ. ಟೆಫ್ಲಾನ್ ರೂಪ ಬದಲಿಸುವುದು ಸರಿಯಾಗಿ ಅದರ ಪಕ್ಕದಲ್ಲೇ! ಅದಕ್ಕೇ ಟೆಫ್ಲಾನನ್ನು 23 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು ಅಳೆಯುವುದು ರೂಢಿ. ಡಿಸೆಂಬರಿನ ಬೆಂಗಳೂರು ಬೆಳಗ್ಗೆ ಆ ಗೆರೆಯ ಈಚೆಗೆ, ಮಧ್ಯಾಹ್ನ ಆಚೆಗೆ ಇರುತ್ತದೆ. ಹುಡುಗ ಅಸಡ್ಡೆಯಿಂದ, ಉಂಗುರ ಉಗುರುಬೆಚ್ಚಗಿದ್ದಾಗಲೇ ಅಳೆದಿದ್ದರೆ ಬಹುಶಃ ಎಲ್ಲವೂ ಸರಿಹೋಗುತ್ತಿತ್ತು. ತಣ್ಣಗಾಗಲೆಂದು ಒಂದು ಗಂಟೆ ಕಾದದ್ದೇ ಅವನಿಗೆ ಮುಳುವಾಯಿತು. ಪ್ರಕೃತಿಗೆ ಇಂಥ ಕುಚೇಷ್ಟೆ ಉಂಟು.

ಟೆಫ್ಲಾನ್ ಹುಟ್ಟಿದ್ದೂ ಇಂಥದೇ ಒಂದು ಹೊಂದದ ಅಂಕಿಯಿಂದ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ಇಪ್ಪತ್ತೇಳರ ರಸಾಯನ ವಿಜ್ಞಾನಿ ಅನಿಲ ತುಂಬಿಟ್ಟ ಸಿಲಿಂಡರೊಂದರ ಕವಾಟ ತೆರೆದ. ಶೈತ್ಯ ಯಂತ್ರಗಳಿಗೆ ಹೊಸ ಅನಿಲವೊಂದನ್ನು ಮಾಡುವ ಪ್ರಯತ್ನ ನಡೆದಿತ್ತು. ಸಿಲಿಂಡರಿನಿಂದ ಏನೂ ಬರಲಿಲ್ಲ. ಸೋರಿಹೋಗಿದೆ ಎಂದು ಎಸೆಯಬಹುದಿತ್ತು. ಆದರೆ ತೂಗಿದಾಗ ಖಾಲಿ ಸಿಲಿಂಡರಿನ ತೂಕವಿರಲಿಲ್ಲ. ಒಳಗೆ ಏನೋ ಇದೆ! ಪ್ಲಂಕೆಟ್ ಮತ್ತು ಸಹಾಯಕ ಜಾಕ್ ರೆಬಾಕ್ ಅದನ್ನು ಗರಗಸದಿಂದ ಕೊಯ್ಯಿಸಿದರು. ಒಳಗೋಡೆಗೆ ಮೇಣದಂಥ ಬಿಳಿ ಪುಡಿ ಅಂಟಿಕೊಂಡಿತ್ತು. ಯಾವ ಆಮ್ಲಕ್ಕೂ ಜಗ್ಗದ, ಎಲ್ಲದರಿಂದಲೂ ಜಾರುವ ವಸ್ತು ಸಿಕ್ಕಿದ್ದು ಹಾಗೆ.

ಪೀಣ್ಯದ ನಲವತ್ತು ಉಂಗುರಗಳು ಮಾತ್ರ ಉಳಿಯಲಿಲ್ಲ. ಪಂಪು ಓಡುವುದು ಚಳಿಯಲ್ಲಿ ಅಲ್ಲವಲ್ಲ. ಮಾಲೀಕರು ನಷ್ಟ ಹೊತ್ತರು. ಹುಡುಗನ ಸಂಬಳದಲ್ಲಿ ಹಿಡಿಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಆ ಕಾಲದ ಮನುಷ್ಯರು ಕ್ಷಮೆ ಕೇಳುವ ರೀತಿಯೇ ಬೇರೆ. ಮರುದಿನ ಅವರು ಗೋಡೆಗೆ ತೂಗುಹಾಕುವ ಥರ್ಮಾಮೀಟರೊಂದನ್ನು ತಂದು ಹುಡುಗನ ಲೇತಿನ ಎದುರಿಗೆ ತಾವೇ ಮೊಳೆ ಹೊಡೆದು ನೇತುಹಾಕಿದರು. ಅಳತೆಯ ಶೀಟಿನಲ್ಲಿ ‘ಸಮಯ’, ‘ಉಷ್ಣತೆ’ ಎಂದು ಎರಡು ಕಲಮುಗಳು ಹೊಸದಾಗಿ ಬಂದವು. ಹೊಸ ನಲವತ್ತು ಉಂಗುರಗಳನ್ನು ಹುಡುಗನೇ ಕೊರೆದ, ಹಗಲು ಪಾಳಿಯಲ್ಲಿ.

ಜನವರಿಯಲ್ಲಿ ಅವನ ಕೈಗೆ ಪೀಕ್ ಕೊಟ್ಟರು. ಅದಕ್ಕೆ ಬೇರೆಯೇ ಉಪಚಾರ. ರಾಡಿನೊಳಗೆ ತಯಾರಿಕೆಯ ಕಾಲದ ಬಿಗಿತ ಅಡಗಿರುತ್ತದೆ. ಒಂದು ಕಡೆ ಕೊರೆದರೆ ಇನ್ನೊಂದು ಕಡೆ ಬಾಗುತ್ತದೆ. ಆದ್ದರಿಂದ ಮೊದಲು ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಒಣಗಿಸಿ, ನಿಧಾನವಾಗಿ 200ಕ್ಕೆ ಏರಿಸಿ, ಗಂಟೆಗಟ್ಟಲೆ ಇಟ್ಟು, ಗಂಟೆಗೆ ಹತ್ತು ಡಿಗ್ರಿಯಂತೆ ಇಳಿಸಬೇಕು. ಒರಟಾಗಿ ಕೊರೆದ ಮೇಲೆ ನಾಜೂಕಿನ ಕೆಲಸವಾದರೆ ಮತ್ತೊಮ್ಮೆ ಇದೇ ವಿಧಿ. ಓವನ್ನಿನ ಬಾಗಿಲನ್ನು ಅವಸರಕ್ಕೆ ತೆರೆದರೆ ಮಾಡಿದ್ದೆಲ್ಲ ವ್ಯರ್ಥ. ಆ ರಾತ್ರಿಗಳಲ್ಲಿ ಹುಡುಗ ಓವನ್ನಿನ ಪಕ್ಕ ಕುಳಿತು ಡಿಪ್ಲೊಮಾದ ಗಣಿತ ಓದುತ್ತಿದ್ದ. ಸಂಜೆ ಕಾಲೇಜಿಗೆ ಅನುಕೂಲವಾಗುವಂತೆ ಪಾಳಿ ಹೊಂದಿಸಿಕೊಡುವುದಾಗಿ ಮಾಲೀಕರು ತಂದೆಗೆ ಅಂದೇ ಹೇಳಿ ಕಳಿಸಿದ್ದರು.

ತಂದೆ ಅಂದು ರಾತ್ರಿ ಊರಿಗೆ ಹೊರಡುವಾಗ ಕೆಟ್ಟ ಉಂಗುರಗಳಲ್ಲಿ ಒಂದನ್ನು ಕೇಳಿ ಪಡೆದು, ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಮನೆಯಲ್ಲಿ ತಾಯಿ ಅದನ್ನು ನೋಡಿ, ಅಳತೆ ಸರಿಯಾಗಿದೆಯೆಂದು ಹಾಲಿನ ಚೆಂಬಿಗೆ ಸಿಂಬೆಯಾಗಿ ಇಟ್ಟರು. ನೆಲದ ಮೇಲೆ ಉಂಗುರ ಸರ್ರನೆ ಜಾರಿತು, ಚೆಂಬು ಉರುಳಿತು.

‘ಇದೇನು ಜಾರೋ ಸಾಮಾನು ತಂದಿದೀರಿ?’

‘ಜಾರಬೇಕು ಕಣೆ, ಅದ್ರ ಕೆಲ್ಸಾನೇ ಅದು’ ಎಂದು ತಂದೆ ಅದನ್ನೆತ್ತಿ ಒರೆಸಿ, ದೇವರ ಗೂಡಿನ ಪಕ್ಕದ ಮೊಳೆಗೆ ಹಾಕಿದರು. ಈಗ ಯಾರಾದರೂ ಮಗನ ಕೆಲಸ ಕೇಳಿದರೆ ಅದನ್ನು ಇಳಿಸಿ ಕೈಗೆ ಕೊಡುತ್ತಾರೆ. ಇದು ಬೆಳಗ್ಗೆ ಒಂದಳತೆ, ಮಧ್ಯಾಹ್ನ ಒಂದಳತೆ ಎಂದು ಹೇಳಿದರೆ ಊರಿನಲ್ಲಿ ಇನ್ನೂ ಯಾರೂ ನಂಬಿಲ್ಲ.